ಗಂಟ್ಸಿದ್ದನ ಹಿಂದಿನ ಹಿಂಡು

ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ದಾರದ ಉಂಡೆ, ಹುಕ್ಕು, ಸೀಮೆಸುಣ್ಣದ ಚೂರುಗಳ ನಡುವೆ ಒಂದು ಹಳೆಯ ಮೊಬೈಲಿದೆ. ಗಾಜಿನ ಒಂದು ಮೂಲೆ ಸೀಳಿದೆ. ಮಾತಾಡಲು ಬೇರೆ ಮೊಬೈಲಿದೆ, ಇದನ್ನು ಇಟ್ಟುಕೊಂಡಿರುವುದು ಒಂದು ಆಟಕ್ಕಾಗಿ ಮಾತ್ರ. ಗಿರಾಕಿಗಳಿಲ್ಲದ ಮಧ್ಯಾಹ್ನ ಅದನ್ನು ತೆಗೆದು ಆಡಲು ಕೂರುತ್ತೇನೆ. ಆಡುವುದು ಸ್ವಲ್ಪ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹೆದರುವುದೇ ಹೆಚ್ಚು. ಮೊಬೈಲ್ ಆಟಕ್ಕೆ ಹೆದರುವ ಹೆಂಗಸನ್ನು ನೀವು ನೋಡಿರಲಿಕ್ಕಿಲ್ಲ. ಕೊಟ್ಟೂರಿಗೆ ಬಂದರೆ ತೋರಿಸುತ್ತೇನೆ.

ಹೆಸರು ಮೈಲವ್ವ, ನಾನು ಪುಕ್ಕಲಿ. ಮುಚ್ಚಿಟ್ಟು ಉಪಯೋಗವಿಲ್ಲ, ನಮ್ಮ ಓಣಿಗೆಲ್ಲಾ ಗೊತ್ತು. ಕುಕ್ಕರ್ ಸೀಟಿ ಹೊಡೆಯುವ ಮೊದಲು ಬುಸ್ ಅನ್ನುತ್ತದಲ್ಲ, ಆಗ ನಾನು ಅಡುಗೆಮನೆಯಿಂದ ಹೊರಗಿರುತ್ತೇನೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ, ಹರಪನಹಳ್ಳಿ ರಸ್ತೆಯಲ್ಲಿ ಎದುರಿಗೆ ಬರುವ ಲಾರಿಗಳೆಲ್ಲಾ ನನ್ನ ಮೊಣಕೈಯನ್ನೇ ಹುಡುಕಿಕೊಂಡು ಬರುತ್ತವೆ. ಉಚ್ಚಂಗಿದುರ್ಗದ ಗುಡ್ಡವನ್ನು ಹತ್ತಿದ್ದೇನೆ, ನಿಜ. ಇಳಿದದ್ದು ಮಾತ್ರ ಕೂತುಕೊಂಡೇ, ಒಂದೊಂದೇ ಮೆಟ್ಟಿಲು ಜಾರುತ್ತಾ. ಅವತ್ತು ಉಟ್ಟಿದ್ದ ಸೀರೆ ಆಮೇಲೆ ಒರೆಸುವ ಅರಿವೆಯಾಯಿತು. ಮಗಳು ಸೌಮ್ಯ ಕೇಳುತ್ತಾಳೆ, "ಅವ್ವಾ, ನೀ ನಿಮ್ಮವ್ವನ ಹೊಟ್ಟ್ಯಾಗಿಂದ ಹೊರಗ ಹೆಂಗ ಬಂದಿ ಅಂತೀನಿ? ಅಲ್ಲೇ ಅಂಜಿಕೊಂಡು ಕುಂದ್ರಬೇಕಿತ್ತು." ನಾನು ಅವಳಿಗೆ ಬೈಯುತ್ತೇನೆ. ಆದರೆ ಪ್ರಶ್ನೆ ಸರಿಯಾದದ್ದೇ.

ಆಟವನ್ನು ಮೊಬೈಲಿಗೆ ಹಾಕಿಕೊಟ್ಟವಳೂ ಸೌಮ್ಯಳೇ. ಒಂದು ದಿನ ಕಾಲೇಜಿನಿಂದ ಬಂದವಳು ನನ್ನ ಮುಖದ ಮುಂದೆ ಪರದೆ ಹಿಡಿದು, "ಅವ್ವಾ, ನೀ ಯಾವಾಗ್ಲೂ ಗಂಟ್ಸಿದ್ದ ಗಂಟ್ಸಿದ್ದ ಅಂತಿರ್ತಿಯಲ್ಲ, ಅವ ಇವನ ಏನು ನೋಡು" ಅಂದಳು. ನಾನು ನೋಡಿದೆ. ಕುಳ್ಳ ಮನುಷ್ಯ, ಬೆನ್ನಿಗೆ ಗಂಟು, ಕೈಯಲ್ಲಿ ಕಂದೀಲು. ನನ್ನ ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು. ಬಾಲ್ಯದ ಗೆಳೆಯ ಮೂವತ್ತು ವರ್ಷ ಕಳೆದರೂ ಒಂದು ಕೂದಲೂ ನರೆಯದೆ ಎದುರಿಗೆ ಬಂದು ನಿಂತರೆ ಸಂತೋಷ ಆಗಬೇಕೋ, ಗಾಬರಿಯಾಗಬೇಕೋ? ನನಗಂತೂ ಗಾಬರಿಯಾಯಿತು.

ಗಂಟ್ಸಿದ್ದ ನಾವಿಟ್ಟ ಹೆಸರು. ಅವನ ನಿಜವಾದ ಹೆಸರು ಕ್ಯಾಸೆಟ್ಟಿನ ಮೇಲಿತ್ತು, ಓದಲು ಬರುತ್ತಿರಲಿಲ್ಲ. ನಮ್ಮೂರು ಹಲವಾಗಲಿನ ಹತ್ತಿರ, ಹೊಳೆಯ ಕಡೆ. ಕುರಿ ಸಾಕುವ ಮನೆ ನಮ್ಮದು. ಬೇಸಿಗೆ ರಜೆ ಬಂತೆಂದರೆ ನಾನೂ ನಮ್ಮಣ್ಣ ಬೀರಣ್ಣನೂ ಹರಪನಹಳ್ಳಿಯ ಸೋದರಮಾವನ ಮನೆಗೆ ಓಡುತ್ತಿದ್ದೆವು. ಮಾವನ ಪ್ರೀತಿ ಒಂದು ಕಾರಣ, ಅವನ ಟಿವಿ ಇನ್ನೊಂದು ಕಾರಣ. ಟಿವಿಗೆ ವೈರು ಚುಚ್ಚಿ ಆಡುವ ಒಂದು ಪೆಟ್ಟಿಗೆ ಅವನಲ್ಲಿತ್ತು. ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ಪೆಟ್ಟಿಗೆಗೆ ಒತ್ತಿ, ಮಾವ ಒಂದು ಗುದ್ದು ಕೊಟ್ಟರೆ ಗಂಟ್ಸಿದ್ದ ಪರದೆಯ ಮೇಲೆ ಹಾಜರು. ಕಲ್ಲಿನಿಂದ ಕಲ್ಲಿಗೆ ಹಾರಬೇಕು. ನಡುವೆ ಕಂದಕ, ಕೆಳಗೆ ಕಪ್ಪು ನೀರು. ಬಿದ್ದರೆ ಕಂದೀಲು ಚುಯ್ ಎಂದು ಆರಿ ಹೋಗುತ್ತಿತ್ತು. ಆ ಸದ್ದು ಕೇಳಿದ ರಾತ್ರಿ ನಾನು ಅತ್ತೆಯ ಸೆರಗು ಹಿಡಿದುಕೊಂಡೇ ಮಲಗುತ್ತಿದ್ದೆ.

ನೆಲ ಇರುವವರೆಗೆ ನಾನೂ ಶೂರಳೇ. ನಡೆಸುತ್ತಿದ್ದೆ, ಓಡಿಸುತ್ತಿದ್ದೆ, ಅಣ್ಣನಿಗೆ ಗುಂಡಿ ಮುಟ್ಟಲೂ ಬಿಡುತ್ತಿರಲಿಲ್ಲ. ಕಂದಕ ಬಂತೋ, ಗಂಟ್ಸಿದ್ದನನ್ನು ಅಂಚಿನಲ್ಲಿ ನಿಲ್ಲಿಸಿ, ಎರಡೂ ಕೈಯಿಂದ ಅಣ್ಣನ ಮಡಿಲಿಗೆ ಗುಂಡಿಗಳ ಹಿಡಿಕೆ ಹಾಕಿ, ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದೆ:

"ಅಣ್ಣಾ, ಇದೊಂದು ನೀ ಹಾರ್ಸು."

"ಇದೊಂದು ಇದೊಂದು ಅಂತ ಎಷ್ಟೊಂದು ಹಾರ್ಸಲೇ?" ಎನ್ನುತ್ತಿದ್ದ. ಆದರೆ ಹಾರಿಸುತ್ತಿದ್ದ. ಅವನು ಹಾರಿಸಿದ ಗಂಟ್ಸಿದ್ದ ನೀರಿಗೆ ಬಿದ್ದದ್ದು ನನಗೆ ನೆನಪಿಲ್ಲ. ಬಿದ್ದಿರಲೂಬಹುದು, ನಾನು ಕಣ್ಣು ಮುಚ್ಚಿರುತ್ತಿದ್ದೆನಲ್ಲ!

ಈಗ ನಮ್ಮ ದಡ್ಡತನದ ಒಂದು ವಿಷಯ ಹೇಳಬೇಕು. ಆ ಆಟದಲ್ಲಿ ಹಿಂದಕ್ಕೂ ಹೋಗಬಹುದಿತ್ತು. ಹಿಂದೆ ಹೋದರೆ ಬಾಗಿಲುಗಳು, ಹಣ್ಣು, ಹೊಸ ಕಂದೀಲು, ಏನೇನೋ ಸಿಗುತ್ತಿದ್ದವು. ಓಣಿಯ ಹುಡುಗರಿಗೆಲ್ಲಾ ಅದು ಗೊತ್ತಿತ್ತು. ನಾವಿಬ್ಬರು ಮಾತ್ರ ಒಂದು ಸಲವೂ ಗಂಟ್ಸಿದ್ದನನ್ನು ಹಿಂದಕ್ಕೆ ತಿರುಗಿಸಲಿಲ್ಲ. ಏಕೆಂದರೆ ಅವನ ಬೆನ್ನ ಮೇಲಿನ ಗಂಟು ಕುರಿಮರಿ ಎಂದು ನಾವು ತಿಳಿದಿದ್ದೆವು.

ನಗಬೇಡಿ. ಕುರಿ ಸಾಕುವವರ ಮನೆಯ ಮಕ್ಕಳಿಗೆ ಅದು ಇನ್ನೇನಾಗಿ ಕಾಣಬೇಕು? ಹಿಂಡನ್ನು ಹಳ್ಳ ದಾಟಿಸುವಾಗ ನಮ್ಮಪ್ಪ ಒಂದು ಮರಿಯನ್ನು ಎತ್ತಿಕೊಳ್ಳುತ್ತಿದ್ದ. ಮರಿ ಎತ್ತಿಕೊಂಡು ತಾನು ಮೊದಲು ಹಾರುತ್ತಿದ್ದ. ಮರಿ ಅತ್ತರೆ ತಾಯಿ ಹಾರುತ್ತದೆ, ತಾಯಿ ಹಾರಿದರೆ ಅದರ ಹಿಂದಿನದು, ಅದರ ಹಿಂದಿನದು, ಹೀಗೆ ಇಡೀ ಹಿಂಡು ದಾಟುತ್ತದೆ. ಅದಕ್ಕೊಂದು ಕಟ್ಟಳೆಯಿತ್ತು. ಅಪ್ಪ ಅದನ್ನು ಅಣ್ಣನಿಗೆ ಹೇಳಿಕೊಡುವಾಗ ನಾನೂ ಕೇಳಿಸಿಕೊಂಡಿದ್ದೆ.

"ಮರಿ ಎತ್ತಿಕೊಂಡಾವ ಹಾರಿದ ಮ್ಯಾಲ ನಿಂದರಬಾರದು, ಹೊಳ್ಳಿ ನೋಡಬಾರದು. ನೀ ನಿಂತ್ರ ತಾಯಿ ನಿಂದರ್ತೈತಿ. ತಾಯಿ ನಿಂತ್ರ ಹಿಂದಿನವು ಬಂದು ದಬ್ಬತಾವ, ಮುಂದಿನವು ಹಳ್ಳಕ್ಕ ಬೀಳ್ತಾವ. ಸುಮ್ನ ಮುಂದ ನಡೀತಿರಬೇಕು."

ಆದ್ದರಿಂದ ನಮ್ಮ ಗಂಟ್ಸಿದ್ದನೂ ಹೊರಳಿ ನೋಡುವಂತಿರಲಿಲ್ಲ. ಒಂದು ದಿನ ನಾನು ಕೇಳಿದೆ, "ಅಣ್ಣಾ, ಇವನ ಹಿಂದ ಕುರಿ ಕಾಣವಲ್ವಲ್ಲ?" ಅಣ್ಣ ಯೋಚನೆ ಮಾಡಿಯೇ ಉತ್ತರ ಕೊಟ್ಟ.

"ಬರಾಕತ್ತಾವ. ಟಿವಿ ಸಣ್ಣದೈತಿ, ಕಾಣಂಗಿಲ್ಲ ಅಷ್ಟ."

ನಾನು ನಂಬಿದೆ. ಎಷ್ಟರ ಮಟ್ಟಿಗೆ ಎಂದರೆ, ಟಿವಿಯ ಎಡಗಡೆ ಯಾರಾದರೂ ಕಾಲು ಚಾಚಿ ಕೂತರೆ ಸರಿಸುತ್ತಿದ್ದೆ. ಹಿಂಡು ಬರುವ ದಾರಿಯಲ್ಲವೇ ಅದು!

ಇರಲಿ. ಸೌಮ್ಯ ಹೇಳಿದ ಪ್ರಕಾರ ಆ ಕ್ಯಾಸೆಟ್ಟಿನ ಆಟಕ್ಕೆ ಆಮೇಲೆ ಮೂರು ನಾಲ್ಕು ಭಾಗಗಳು ಬಂದವಂತೆ, ಈಗ ಅದರದೇ ಒಂದು ಕವಲು ಮೊಬೈಲಿಗೂ ಬಂದಿದೆಯಂತೆ. ಇದರಲ್ಲಿ ಒಂದು ಬದಲಾವಣೆ. ಗಂಟ್ಸಿದ್ದ ತಾನೇ ಓಡುತ್ತಾನೆ. ನಿಲ್ಲಿಸಲು ಬರುವುದಿಲ್ಲ, ತಿರುಗಿಸಲು ಬರುವುದಿಲ್ಲ. ನಮಗಿರುವುದು ಹೆಬ್ಬೆರಳು ಮಾತ್ರ. ಮೆಲ್ಲಗೆ ತಟ್ಟಿದರೆ ಸಣ್ಣ ನೆಗೆತ, ಒತ್ತಿ ಹಿಡಿದರೆ ದೊಡ್ಡದು. ಅಂಚಿನಲ್ಲಿ ನಿಲ್ಲಿಸಿಕೊಂಡು ಅಣ್ಣನನ್ನು ಕರೆಯಲು ಪುರುಸೊತ್ತೇ ಇಲ್ಲ. ಕಂದಕ ತಾನಾಗಿ ಹತ್ತಿರ ಬರುತ್ತದೆ. ನಾನು ಕೂಗಿಕೊಂಡು ಮೊಬೈಲನ್ನೇ ಎಸೆದೆ. ಗಾಜಿನ ಮೂಲೆ ಸೀಳಿದ್ದು ಆವಾಗಲೇ. ಸೌಮ್ಯ ಹೊಸ ಮೊಬೈಲು ತೆಗೆದುಕೊಂಡಳು, ಗಂಟ್ಸಿದ್ದ ನನ್ನ ಪಾಲಿಗೆ ಉಳಿದ.

ಅಣ್ಣ ಈ ಸಲ ಉಜ್ಜಿನಿಗೆ ಹೋಗಿಬರುವಾಗ ಕೊಟ್ಟೂರಿನಲ್ಲಿ ಇಳಿದು ನನ್ನ ಅಂಗಡಿಗೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಮಂಡಕ್ಕಿ ಪೊಟ್ಟಣ. ನಾನು ಹೊಲಿಯುತ್ತಿದ್ದ ಜಂಪರನ್ನು ಬಿಟ್ಟು ಎದ್ದು, "ಅಣ್ಣಾ, ಯಾರ ಬಂದಾರ ನೋಡು" ಎಂದು ಡ್ರಾಯರ್ ತೆಗೆದೆ.

ಅವನು ಗಂಟ್ಸಿದ್ದನನ್ನು ನೋಡಿ ನಕ್ಕ ನಗುವನ್ನು ಬರೆಯಲು ನನಗೆ ಬರುವುದಿಲ್ಲ. "ಅಯ್ಯ ಇವನ! ಇನ್ನಾ ಅದಾನೇನಲೇ ಇವ?" ಅಂದ. ತಾನೇ ಓಡುತ್ತಾನೆ, ತಿರುಗುವುದಿಲ್ಲ ಎಂದಾಗ ಇನ್ನೂ ಖುಷಿ. "ಈಗ ಸರಿ ಮಾಡ್ಯಾರ ನೋಡು. ಮರಿ ಎತ್ತಿಕೊಂಡಾವ ಹೊಳ್ಳಬಾರದು." ಮೊಬೈಲ್ ಇಸಿದುಕೊಂಡು ಹೊಲಿಗೆ ಯಂತ್ರಕ್ಕೆ ಒರಗಿ ನಿಂತ.

ಗಂಟ್ಸಿದ್ದ ಓಡಿದ. ಮೊದಲನೆಯ ಕಂದಕ ಬಂತು. ಅದು ಕಂದಕವೆಂದು ಕರೆಯಿಸಿಕೊಳ್ಳಲೂ ನಾಚಿಕೆಪಡಬೇಕು, ಚರಂಡಿಯಷ್ಟು ಅಗಲ, ನಾನೇ ದಾಟಿಸುತ್ತೇನೆ. ಗಂಟ್ಸಿದ್ದ ಬಿದ್ದ. ಕಂದೀಲು ಚುಯ್ ಅಂತು.

"ಹೊಸಾ ಆಟ, ರೂಢಿ ಇಲ್ಲ" ಅಂದ ಅಣ್ಣ. ನಾನೂ ಹೌದೆಂದೆ. ಗಂಟ್ಸಿದ್ದ ಮತ್ತೆ ಓಡಿದ, ಮತ್ತೆ ಅಲ್ಲೇ ಬಿದ್ದ. "ಗಾಜು ಜಾರತೈತಿ" ಅಂದ. ನಾನು ಜಂಪರಿನ ಲೈನಿಂಗ್ ತುಂಡಿನಿಂದ ಗಾಜು ಒರೆಸಿಕೊಟ್ಟೆ. ಮತ್ತೆ ಬಿದ್ದ. ಆಗ ನಾನು ಪರದೆ ನೋಡುವುದನ್ನು ಬಿಟ್ಟು ಅವನ ಹೆಬ್ಬೆರಳನ್ನು ನೋಡಿದೆ. ಅದು ಗಾಜಿನ ಮೇಲೆ ನಿಲ್ಲುತ್ತಿರಲಿಲ್ಲ. ಸಣ್ಣಗೆ, ಬಿಡದೆ ನಡುಗುತ್ತಿತ್ತು. ಒಂದು ಸಲ ಒತ್ತಬೇಕೆಂದರೆ ತಾನಾಗಿ ಎರಡು ಮೂರು ಸಲ ತಟ್ಟುತ್ತಿತ್ತು.

ನಾನು ನೋಡಿದ್ದನ್ನು ಅವನು ನೋಡಿದ. ಮೊಬೈಲನ್ನು ಮೆಲ್ಲಗೆ ಯಂತ್ರದ ಮೇಲಿಟ್ಟು ಬಲಗೈಯನ್ನು ಕಂಬಳಿಯೊಳಗೆ ತೆಗೆದುಕೊಂಡ. "ಚಾ ತರಸವ್ವ" ಅಂದ. ಚಹಾ ಬಂತು. ಬಸಿಗೆ ಹಾಕಿಕೊಂಡು ಸೊರ್ ಎಂದು ಕುಡಿಯುವವನು ಅವತ್ತು ಬಸಿಯನ್ನು ಮುಟ್ಟಲಿಲ್ಲ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನೇ ಬಗ್ಗಿಸಿ ಕುಡಿದ.

ನಾನು ಇಷ್ಟು ವರ್ಷ ಹೆದರಿದ್ದೆಲ್ಲಾ ಹೆದರಿಕೆಯೇ ಅಲ್ಲ ಎಂದು ನನಗೆ ಅವತ್ತು ಗೊತ್ತಾಯಿತು. ಕುಕ್ಕರು, ಲಾರಿ, ಗುಡ್ಡ, ಅವೆಲ್ಲಾ ಆಟ. ನಿಜವಾದ ಹೆದರಿಕೆ ಬಂದಾಗ ಕೂಗಲು ಬರುವುದಿಲ್ಲ. ಅಣ್ಣ ಬಸ್ಸು ಹತ್ತಿ ಹೋದ ಮೇಲೆ ಜಂಪರಿಗೆ ತೋಳು ಹಚ್ಚಿದೆ. ಆಮೇಲೆ ನೋಡಿದರೆ ಎಡಕ್ಕೆ ಬಲತೋಳು, ಬಲಕ್ಕೆ ಎಡತೋಳು.

ಮರುದಿನ ಅತ್ತಿಗೆ ನಾಗವ್ವನಿಗೆ ಫೋನ್ ಮಾಡಿದೆ. ಮಳೆ, ಮೇವು, ಟಗರಿನ ಕಾಲುನೋವು ಎಲ್ಲಾ ಕೇಳಿದ ಮೇಲೆ, "ಅತ್ತಿಗಿ, ಅಣ್ಣನ ಕೈ..." ಎಂದು ನಿಲ್ಲಿಸಿದೆ.

"ನಿನಗೂ ಕಂಡ್ತೇನವ್ವ?" ಅಂದಳು.

ಹೋದ ಬೇಸಿಗೆಯಿಂದಲೇ ಇತ್ತಂತೆ. ತೋರಿಸೋಣ ಅಂದರೆ ಅವನು, "ಕುರಿ ಕಾಯೋದು ಕಾಲಿನ ಕೆಲಸ, ಕೈದಲ್ಲ" ಎನ್ನುತ್ತಿದ್ದನಂತೆ. ಅತ್ತಿಗೆ ದಿನಾ ಮುಂಜಾನೆ ಅವನ ಬಲಗೈಗೆ ಮೈಲಾರಲಿಂಗನ ಭಂಡಾರ ಹಚ್ಚಿ ಮುಷ್ಟಿ ಕಟ್ಟಿಸುತ್ತಿದ್ದಳು. ಯಾಕೆಂದು ಅವನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. "ಹಚ್ಚೋ ಹೊತ್ತಿನ್ಯಾಗ ಅರಿಶಿನಪುಡಿ ಎಲ್ಲಾ ಉದುರತೈತಿ ಮೈಲವ್ವ. ಆದ್ರೂ ಕೊಡಲಿ ತಗೊಂಡು ಬನ್ನಿಗಿಡ ಏರ್ತಾನ, ಮರಿಗೆ ಸೊಪ್ಪು ಕಡೀಬೇಕು ಅಂತ. ನಾ ಏನ್ ಮಾಡ್ಲಿ? ಕೆಳಗ ನಿಂತು ಮ್ಯಾಲ ನೋಡತಿರ್ತೀನಿ" ಎಂದು ಅತ್ತಳು. ಕೊಡಲಿ ಎಂಬ ಮಾತು ಕೇಳಿದ ಮೇಲೆ ನನಗೆ ಅಂಗಡಿಯ ಕತ್ತರಿಯನ್ನೂ ಮುಟ್ಟಲಾಗಲಿಲ್ಲ. ಅವನನ್ನು ಹೇಗಾದರೂ ದಾವಣಗೆರೆಯ ಡಾಕ್ಟರಿಗೆ ತೋರಿಸಬೇಕು, ಗಿಡ ಏರುವುದನ್ನು ಬಿಡಿಸಬೇಕು. ಆದರೆ ಬೀರಣ್ಣನಿಗೆ ಹೇಳುವವರು ಯಾರು?

ಪುಕ್ಕಲಿಯೇ ಹೋಗಬೇಕಾಯಿತು. ಅಂಗಡಿಗೆ ಬೀಗ ಹಾಕಿ, ಡ್ರಾಯರಿನ ಮೊಬೈಲನ್ನು ಯಾಕೋ ಬ್ಯಾಗಿಗೆ ಹಾಕಿಕೊಂಡು, ಕಿಟಕಿಯಿಂದ ದೂರ ಕೂತು ಊರಿಗೆ ಹೋದೆ. ಬೆಳಿಗ್ಗೆ ಅಣ್ಣ ಹಿಂಡು ಹೊಡೆದುಕೊಂಡು ಹೊರಟಾಗ, "ನಾನೂ ಬರ್ತೀನಿ, ಬಾಳ ದಿನ ಆತು ಅಡವಿ ನೋಡಿ" ಎಂದು ಬೆನ್ನು ಹತ್ತಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗ ಹಳ್ಳಿ ನಾಯಿ ಕಂಡ್ರ ನಡುಕ ಬರತೈತಿ, ಅಡವಿ ನೋಡಾಕ ಬಂದೀ?" ಅಂದ. ಆದರೆ ಬೇಡ ಅನ್ನಲಿಲ್ಲ.

ದಾರಿಯಲ್ಲಿ ಹೇಳಿದೆ. ತಿರುವಿ ತಿರುವಿ ಹೇಳಿದೆ. ಈಗೆಲ್ಲಾ ಔಷಧವಿದೆ, ಎಲ್ಲರೂ ದಾವಣಗೆರೆಗೆ ಹೋಗಿ ತೋರಿಸುತ್ತಾರೆ, ಗಿಡ ಯಾಕೆ ಏರಬೇಕು, ದೋಟಿ ಇದೆಯಲ್ಲ, ಕೆಳಗಿನಿಂದಲೇ ಕೊಕ್ಕೆ ಹಾಕಬಹುದಲ್ಲ.

"ಸುಮ್ನ ಬಾರಲೇ" ಅಂದ. "ನನಗೇನಾಗೇತಿ?"

ನನಗೆ ಸಿಟ್ಟು ಬಂತು. "ಅಣ್ಣಾ, ನನಗ ಅಂಜಿಕಿ ಆಗೇತಿ. ನಿನಗಾಗಿಲ್ಲ ಅಂದ್ರ ಬಿಡು, ನನ್ನ ಅಂಜಿಕಿ ಸಲುವಾಗಿಯಾದ್ರೂ ಬಾ" ಅಂದೆ.

ಅವನು ಕೋಲನ್ನು ಎಡಗೈಗೆ ಬದಲಾಯಿಸಿಕೊಂಡ. ಕುರಿಗಳು ಧೂಳೆಬ್ಬಿಸಿಕೊಂಡು ನಡೆದವು.

ಮಧ್ಯಾಹ್ನದ ಹೊತ್ತಿಗೆ ಕೊರಕಲು ಬಂತು. ಹೊಳೆಗೆ ಸೇರುವ ಹಳ್ಳ ಅಲ್ಲಿ ನೆಲವನ್ನು ಕೊರೆದು ಇಕ್ಕಟ್ಟಾಗಿ ಹರಿಯುತ್ತದೆ. ಗಟ್ಟಿಮುಟ್ಟಾದವರು ಹಾರಬಹುದಾದ ಅಗಲ, ಆದರೆ ಆಳ. ಕೆಳಗೆ ರಾಡಿ ನೀರು. ಹಳ್ಳ ದಾಟಲು ಮೇಲುಗಡೆ ದೂರದಲ್ಲಿ ಒಂದು ಮೋರಿ ಇದೆ. ಮನುಷ್ಯರು ಹೊಲದ ಬದುವಿನ ಮೇಲೆ ನಡೆದು ಅದನ್ನು ಸುತ್ತಿ ಬರಬಹುದು. ಹಿಂಡು ಹೋಗುವಂತಿಲ್ಲ, ಎರಡೂ ಕಡೆ ಮೆಕ್ಕೆಜೋಳದ ಬೆಳೆ. ಅಪ್ಪನ ಕಾಲದಿಂದಲೂ ನಮ್ಮ ಕುರಿಗಳು ಹಾರುವುದು ಅಲ್ಲೇ.

ಅಣ್ಣ ಒಂದು ಮರಿಯನ್ನು ಎತ್ತಿಕೊಂಡ. ತಾಯಿ ಒದರುತ್ತಾ ಅವನ ಕಾಲಿಗೆ ಬಂದು ನಿಂತಿತು. ಅವನು ಅಂಚಿಗೆ ಹೋದ. ನಾನು ಹಿಂದೆ ನಿಂತಿದ್ದೆ. ಅವನ ತೋಳಿನ ಮೇಲೆ ಮರಿ ನಡುಗುತ್ತಿತ್ತು. ಮರಿ ನಡುಗುತ್ತಿದೆ ಎಂದುಕೊಂಡೆ. ನಡುಗುತ್ತಿದ್ದದ್ದು ತೋಳು.

ಅಣ್ಣ ಹಾರಲಿಲ್ಲ.

ಒಂದು ಹೆಜ್ಜೆ ಹಿಂದಿಟ್ಟ. ಮತ್ತೆ ಅಂಚಿಗೆ ಹೋದ. ಮತ್ತೆ ನಿಂತ. ಹಿಂದಿನ ಕುರಿಗಳು ಬಂದು ಸೇರುತ್ತಲೇ ಇದ್ದವು. ಅವಕ್ಕೆ ಏನು ಗೊತ್ತು? ಮುಂದಿನವು ಹಾರಿರಬೇಕು ಎಂದುಕೊಂಡು ದಬ್ಬುತ್ತಿದ್ದವು. ಅಂಚಿನ ಮಣ್ಣು ಪುಡಿಪುಡಿಯಾಗಿ ನೀರಿಗೆ ಬೀಳತೊಡಗಿತು. ತಾಯಿಕುರಿಯ ಮುಂಗಾಲು ಒಂದು ಸಲ ಜಾರಿತು. ಅಣ್ಣ ತಿರುಗಿ ನನ್ನನ್ನು ನೋಡಿದ. ಆ ಮುಖ ನನಗೆ ಗುರುತೇ ಸಿಗಲಿಲ್ಲ. ಆಮೇಲೆ ಸಿಕ್ಕಿತು. ಮಾವನ ಮನೆಯ ಟಿವಿಯ ಮುಂದೆ ಕೂತ ನನ್ನ ಮುಖ ಅದು.

ಅವನು ಎರಡೂ ಕೈಯಿಂದ ಮರಿಯನ್ನು ನನ್ನ ಮಡಿಲಿಗೆ ಹಾಕಿದ.

"ತಂಗೀ, ಇದೊಂದು ನೀ ಹಾರ್ಸು."

ನಾನು ಏನು ಮಾಡಿದೆ ಎಂದು ಈಗಲೂ ಪೂರ್ತಿ ನೆನಪಿಲ್ಲ. ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದು ಗೊತ್ತು. ಮರಿಯ ಎದೆ ನನ್ನ ಎದೆಗೆ ಡಬಡಬ ಬಡಿಯುತ್ತಿದ್ದದ್ದು ಗೊತ್ತು. ಕಣ್ಣು ಮುಚ್ಚಿದ್ದೆನೋ ತೆರೆದಿದ್ದೆನೋ, ದೇವರಿಗೇ ಗೊತ್ತು. "ಯವ್ವಾ!" ಎಂದು ಕೂಗಿದ್ದು ಮಾತ್ರ ನಿಜ. ಆಚೆ ದಂಡೆಯಲ್ಲಿ ಮೊಣಕಾಲೂರಿ ಬಿದ್ದೆ. ಮರಿ ಕೈಯಲ್ಲೇ ಇತ್ತು, ಮೊಣಕಾಲು ತರಚಿತ್ತು, ಒಂದು ಚಪ್ಪಲಿ ಹಳ್ಳದ ಪಾಲಾಗಿತ್ತು. ಮರಿ ಮ್ಯಾ ಎಂದಿತು. ನನ್ನ ಬೆನ್ನ ಹಿಂದೆ ಧಪ್ಪೆಂದು ಸದ್ದಾಯಿತು. ತಾಯಿ ಹಾರಿತ್ತು. ಆಮೇಲೆ ಇನ್ನೊಂದು ಧಪ್. ಇನ್ನೊಂದು.

ನನಗೆ ತಿರುಗಿ ಅಣ್ಣನನ್ನು ನೋಡಬೇಕಿತ್ತು. ಇಷ್ಟು ಆಸೆ ನನಗೆ ಬೇರೆ ಯಾವುದಕ್ಕೂ ಆಗಿಲ್ಲ. ಕುತ್ತಿಗೆ ಅರ್ಧ ತಿರುಗಿಯೂ ಇತ್ತು. ಅಷ್ಟರಲ್ಲಿ ಹಿಂದಿನಿಂದ ಅವನ ಕೂಗು ಬಂತು.

"ಹೊಳ್ಳಿ ನೋಡಬ್ಯಾಡಲೇ! ನಡಿ! ನೀ ನಿಂತ್ರ ಅವು ನಿಂದರ್ತಾವ!"

ಎದ್ದು ನಡೆದೆ. ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು, ಕಂಕುಳಲ್ಲಿ ಒದರುವ ಮರಿ. ಮುಂದೆ ನೋಡಿಕೊಂಡೇ ಕೂಗಿದೆ, "ಅಣ್ಣಾ, ನೀ?"

"ನಾ ಮೋರಿ ಸುತ್ತಿ ಬರ್ತೀನಿ, ನಡಿ."

ಧಪ್, ಧಪ್ ಎಂದು ಕುರಿಗಳು ಈಚೆ ದಂಡೆಗೆ ಹಾರಿ ಬೀಳುತ್ತಲೇ ಇದ್ದವು. ಅಪ್ಪನ ಕಾಲದಿಂದ ಮರಿ ಎತ್ತಿದವರು ಯಾರೂ ಮೋರಿ ಸುತ್ತಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವನ ದನಿ ಕೇಳಿತು. ಈ ಸಲ ಕೂಗಾಗಿರಲಿಲ್ಲ. ಗಾಳಿ ನಮ್ಮ ಕಡೆ ಬೀಸುತ್ತಿತ್ತು, ಅದಕ್ಕೆ ಕೇಳಿತು.

"ಮೈಲವ್ವಾ, ದಾವಣಗೇರಿ ಬಸ್ಸು ಎಷ್ಟೊತ್ತಿಗೈತಿ?"

ನಾನು ಅದೇ ಮಾತಿಗಾಗಿ ಬಂದಿದ್ದೆ. ಅದು ಸಿಕ್ಕಿದಾಗ ಬೇಡವೆನಿಸಿತು. ಅವನು ಹಟ ಹಿಡಿದು ಬೈದಿದ್ದರೆ ಚೆನ್ನಾಗಿತ್ತು. ಹಟ ಇರುವವರೆಗೆ ನಮ್ಮಣ್ಣ ನಮ್ಮಣ್ಣನೇ ಎಂಬ ಧೈರ್ಯ ನನಗೆ ಒಳಗೊಳಗೇ ಇತ್ತು. ಬಸ್ಸು ಕೇಳಿದ ಮೇಲೆ ಅವನಿಗೂ ಹೆದರಿಕೆಯಿದೆ ಎಂದು ಗೊತ್ತಾಯಿತು. ಅವನೂ ಹೆದರಿದರೆ ನಾನು ಯಾರ ಮಡಿಲಿಗೆ ಹಾಕಲಿ?

"ಮುಂಜಾನೆ ಐತಿ ಅಣ್ಣಾ, ನಾನೂ ಬರ್ತೀನಿ" ಎಂದು ಮುಂದೆ ನೋಡಿಕೊಂಡೇ ಕೂಗಿದೆ. ಉತ್ತರ ಬಂತೋ ಇಲ್ಲವೋ, ಕುರಿಗಳ ಗದ್ದಲದಲ್ಲಿ ಕೇಳಲಿಲ್ಲ. ನಿಂತು ಕೇಳುವಂತಿರಲಿಲ್ಲ.

ಮರಿಯನ್ನು ಇನ್ನಷ್ಟು ಅವಚಿಕೊಂಡು ನಡೆದೆ. ಬರಾಕತ್ತಾನ, ಕಾಣಂಗಿಲ್ಲ ಅಷ್ಟ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ನಡೆದೆ.